‘ಜುಗುಪ್ಸೆ’ ಎಂಬ ಮಾತಿನ ಹುಟ್ಟು ಮತ್ತು ಅರ್ಥ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸದ ಪಾಠ)

  

ಜಿನಬಿಂಬ ಪ್ರತಿಷ್ಠೆಯ ಮಂಟಪದಲ್ಲಿ ಅಹಿಂಸೆ, ಕ್ಷಮೆ, ಅಪರಿಗ್ರಹ ಮುಂತಾದ ಮಂಗಳಕರವಾದ ವಿಷಯಗಳನ್ನು ಕುರಿತು ಉಪನ್ಯಾಸಗಳು ನಡೆಯುವುದು ವಾಡಿಕೆ. ಇಂದಿನ ಉಪನ್ಯಾಸಕ್ಕೆ ಆರಿಸಿದ ಮಾತಾದರೋ ಕಿವಿಗೆ ಇಂಪಾದುದಲ್ಲ. ಅದು ‘ಜುಗುಪ್ಸೆ’. ಮಂಗಳ ಸಮಯದಲ್ಲಿ ಇಂತಹ ಮಾತೇಕೆ ಎಂದು ಯಾರಿಗಾದರೂ ಅನ್ನಿಸಿದರೆ ಅದು ಸಹಜವೇ. ಆದರೆ ರೋಗದ ಹೆಸರನ್ನೇ ಎತ್ತದೆ ಮದ್ದು ಕೊಡುವ ವೈದ್ಯನಿಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದನ್ನು ಇಡಿಯಾಗಿ ಈ ಒಂದು ದೋಷದ ನಿವಾರಣೆಗಾಗಿಯೇ ಆಚಾರ್ಯರು ಮೀಸಲಿಟ್ಟಿರುವಾಗ, ಶ್ರಾವಕನು ಈ ಮಾತಿನ ಮೂಲವನ್ನು ತಿಳಿಯುವುದು ಅನುಚಿತವಾಗಲಾರದು.

ಇಂದಿನ ಕನ್ನಡದಲ್ಲಿ ಈ ಪದವು ಬಾಯಿಂದ ಬಾಯಿಗೆ ಹೋಗುತ್ತ ‘ಜಿಗುಪ್ಸೆ’ ಎಂದಾಗಿದೆ. ದಿನಪತ್ರಿಕೆಗಳಲ್ಲಿ ‘ಜೀವನದಲ್ಲಿ ಜಿಗುಪ್ಸೆಗೊಂಡು’ ಎಂಬ ಒಕ್ಕಣೆ ಆಗಾಗ್ಗೆ ಕಾಣುತ್ತದೆ. ಅಲ್ಲಿ ಅದರ ಅರ್ಥ ಬೇಸರ, ನಿರಾಶೆ. ಆದರೆ ಪದದ ನಿಜವಾದ ಅರ್ಥ ಅದಲ್ಲ. ಕಣ್ಣಿಗೆ ಬಿದ್ದೊಡನೆ ಮುಖ ತಿರುಗಿಸಬೇಕೆನಿಸುವ, ಮುಟ್ಟಿದರೆ ಕೈ ಹಿಂದಕ್ಕೆ ಸರಿಯುವ, ನೆನೆದರೆ ಹೊಟ್ಟೆ ತೊಳಸುವ ತೀವ್ರವಾದ ಅಪ್ರಿಯಭಾವವೇ ಜುಗುಪ್ಸೆ. ಅಚ್ಚಗನ್ನಡದಲ್ಲಿ ಅದನ್ನು ಹೇಸಿಗೆ ಎನ್ನುತ್ತಾರೆ. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಬೀಭತ್ಸ ರಸಕ್ಕೆ ಸ್ಥಾಯಿಭಾವವೆಂದು ಹೇಳಿರುವುದು ಇದನ್ನೇ.

ಜುಗುಪ್ಸೆಯನ್ನು ದ್ವೇಷದೊಡನೆ ಬೆರೆಸಬಾರದು. ಹಗೆಯಾದವನು ಎದುರಿಗೆ ಬಂದು ನಿಲ್ಲುತ್ತಾನೆ. ಹೇಸುವವನು ಪಕ್ಕಕ್ಕೆ ಸರಿಯುತ್ತಾನೆ. ಹಗೆಗೆ ಕಾರಣವುಂಟು, ಕಾರಣ ತೀರಿದರೆ ಸಂಧಿಯೂ ಉಂಟು. ಹೇಸಿಗೆಯಾದರೋ ಕಾರಣವನ್ನು ಕೇಳುವುದೇ ಇಲ್ಲ. ಹಗೆಯು ಎದುರಾಳಿಯನ್ನು ಮನುಷ್ಯನೆಂದಾದರೂ ಎಣಿಸುತ್ತದೆ. ಹೇಸಿಗೆಗೆ ಅವನು ಮನುಷ್ಯನಾಗಿಯೇ ಕಾಣುವುದಿಲ್ಲ. ಆದುದರಿಂದ ಸದ್ದಿಲ್ಲದ ಈ ಭಾವವು ಗದ್ದಲದ ದ್ವೇಷಕ್ಕಿಂತಲೂ ಹೆಚ್ಚು ಎಚ್ಚರಿಕೆಗೆ ಯೋಗ್ಯವಾದುದು.

ಇನ್ನು ಪದದ ಹುಟ್ಟನ್ನು ನೋಡೋಣವಾಗಲಿ. ಜುಗುಪ್ಸೆಯ ಮೂಲದಲ್ಲಿರುವ ಧಾತು ‘ಗುಪ್’. ಗುಪ್ತ, ಗೋಪನ, ಗೋಪ್ಯ ಎಂಬ ಪದಗಳೆಲ್ಲ ಅದರಿಂದಲೇ ಹುಟ್ಟಿದವು. ಕಾಪಾಡು, ಮರೆಮಾಡು ಎಂಬುದು ಅದರ ಅರ್ಥ. ಈ ಧಾತುವಿಗೂ ಹಿಂದೆ ‘ಗೋಪಾ’ ಎಂಬ ಶಬ್ದವಿದೆ, ಅಂದರೆ ದನಗಳನ್ನು ಕಾಯುವವನು. ಆ ಶಬ್ದದಿಂದಲೇ ‘ಗುಪ್’ ಎಂಬ ಧಾತು ಒಡೆದು ಬಂತೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ದನ ಕಾಯುವವನು ಮಂದೆಯನ್ನು ರಕ್ಷಿಸುತ್ತಾನೆ, ರಕ್ಷಿಸಬೇಕಾದುದನ್ನು ಮರೆಯಲ್ಲಿಡುತ್ತಾನೆ. ಹೀಗೆ ಕಾಯುವುದೆಂಬ ಅರ್ಥದಿಂದ ಬಚ್ಚಿಡುವುದೆಂಬ ಅರ್ಥ ಬಂತು. ತನ್ನನ್ನು ತಾನೇ ಬೇರೊಂದರಿಂದ ಕಾಪಾಡಿಕೊಳ್ಳಬೇಕೆಂಬ ಬಯಕೆಯಾದಾಗ ದೂರ ಸರಿಯುವುದೆಂಬ ಅರ್ಥ ಬಂತು. ದೂರ ಸರಿಯುವುದು ಅಭ್ಯಾಸವಾದಾಗ ಅದು ಹೇಸಿಗೆಯಾಯಿತು. ಮಂದೆಯನ್ನು ಕಾಯುತ್ತಿದ್ದ ಮಾತು ಹೀಗೆ ಕಡೆಗೆ ಮನುಷ್ಯರನ್ನು ದೂರವಿಡುವ ಮಾತಾಗಿ ನಿಂತಿತು.

ಇಂಗ್ಲಿಷಿನಲ್ಲಿ ಇದೇ ಭಾವಕ್ಕೆ ‘ಡಿಸ್‌ಗಸ್ಟ್’ ಎನ್ನುತ್ತಾರೆ. ಅದು ರುಚಿ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದುದು. ಅವರ ಮಾತು ನಾಲಿಗೆಯಿಂದ ಹುಟ್ಟಿತು. ಸಂಸ್ಕೃತದ ಮಾತು ಕಾವಲಿನಿಂದ ಹುಟ್ಟಿತು. ಕೊಳೆತುದನ್ನೂ ರೋಗದ ಸೋಂಕನ್ನೂ ದೂರವಿಟ್ಟು ದೇಹವನ್ನು ಕಾಯುವುದೇ ಈ ಭಾವದ ಮೂಲ ಕೆಲಸವೆಂದು ಇಂದಿನ ವಿಜ್ಞಾನಿಗಳು ವಿವರಿಸುವುದನ್ನು ನೋಡಿದರೆ, ಕಾವಲಿನ ಅರ್ಥವುಳ್ಳ ಧಾತುವನ್ನು ಆರಿಸಿದ ಹಿರಿಯರ ಬುದ್ಧಿಗೆ ತಲೆದೂಗಬೇಕಾಗುತ್ತದೆ. ಹಳಸಿದ ಅನ್ನವನ್ನು ಬಿಸುಡುವುದು ದೋಷವಲ್ಲ. ಅನ್ನಕ್ಕೆ ಹಾಕಬೇಕಾದ ಕಾವಲನ್ನು ಮನುಷ್ಯನಿಗೆ ಹಾಕುವುದೇ ದೋಷ.

ವ್ಯಾಕರಣದಲ್ಲಿ ‘ಸನ್’ ಎಂಬ ಪ್ರತ್ಯಯವೊಂದಿದೆ. ಅದು ಧಾತುವಿಗೆ ಸೇರಿದರೆ ಸಾಮಾನ್ಯವಾಗಿ ಬಯಕೆಯ ಅರ್ಥ ಬರುತ್ತದೆ. ತಿಳಿಯುವ ಬಯಕೆ ಜಿಜ್ಞಾಸೆ. ಕುಡಿಯುವ ಬಯಕೆ ಪಿಪಾಸೆ. ಬಿಡುಗಡೆಯನ್ನು ಬಯಸುವವನು ಮುಮುಕ್ಷು. ಪಾಣಿನಿಯು ತನ್ನ ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದ ಆರಂಭದಲ್ಲಿಯೇ ಒಂದು ಸೂತ್ರದಲ್ಲಿ ಮೂರು ಧಾತುಗಳನ್ನು ಒಟ್ಟಿಗೆ ಹೇಳಿ ಅವುಗಳಿಗೆ ಈ ಪ್ರತ್ಯಯವನ್ನು ವಿಧಿಸಿದ್ದಾನೆ. ಗುಪ್, ತಿಜ್ ಮತ್ತು ಕಿತ್ ಎಂಬುವೇ ಆ ಮೂರು. ಗುಪ್ ಎಂಬುದರಿಂದ ಜುಗುಪ್ಸೆ, ತಿಜ್ ಎಂಬುದರಿಂದ ತಿತಿಕ್ಷೆ, ಕಿತ್ ಎಂಬುದರಿಂದ ಚಿಕಿತ್ಸೆ. ಹೇಸುವುದು, ಸಹಿಸುವುದು, ವಾಸಿಮಾಡುವುದು: ಈ ಮೂರು ಒಂದೇ ಸೂತ್ರದ ಮಕ್ಕಳು. ಇವು ಹೊಂದುವುದು ರೂಪಸಿದ್ಧಿಯ ದೃಷ್ಟಿಯಿಂದ. ಆದರೆ ಕೇಳುವವನಿಗೆ ಅದರಲ್ಲಿ ಇನ್ನೊಂದು ಪಾಠವೂ ದೊರೆಯುತ್ತದೆ. ಹುಣ್ಣು ತುಂಬಿದ ಒಬ್ಬ ರೋಗಿ ಎದುರಿಗೆ ಬಂದು ನಿಂತಾಗ ಮನುಷ್ಯನಿಗೆ ಮೂರು ದಾರಿಗಳಿವೆ. ಹೇಸಿ ಹೋಗಬಹುದು, ಸಹಿಸಿ ನಿಲ್ಲಬಹುದು, ಚಿಕಿತ್ಸೆಗೆ ಕೈ ನೀಡಬಹುದು. ಸೂತ್ರವೊಂದೇ, ಫಲ ಮೂರು.

ಇದೇ ‘ಗುಪ್’ ಧಾತುವಿನಿಂದ ಹುಟ್ಟಿದ ಇನ್ನೊಂದು ಮಾತು ಜೈನರಿಗೆ ಚಿರಪರಿಚಿತವಾದುದು. ಅದು ‘ಗುಪ್ತಿ’. ಮನೋಗುಪ್ತಿ, ವಚನಗುಪ್ತಿ, ಕಾಯಗುಪ್ತಿ ಎಂಬ ಮೂರು ಗುಪ್ತಿಗಳು ಮುನಿಧರ್ಮದ ಆಭರಣಗಳು. ಗುಪ್ತಿ ಎಂದರೆ ಆತ್ಮವನ್ನು ಕರ್ಮಾಸ್ರವದಿಂದ ಕಾಯುವುದು. ಧಾತು ಅದೇ, ಕಾವಲೂ ಅದೇ. ಕಾಯುವ ದಿಕ್ಕು ಮಾತ್ರ ಬೇರೆ. ಗುಪ್ತಿಯು ತನ್ನ ಒಳಗಿನ ದೋಷದಿಂದ ತನ್ನನ್ನು ಕಾಯುತ್ತದೆ. ಜುಗುಪ್ಸೆಯು ಹೊರಗಿನ ಮನುಷ್ಯನಿಂದ ತನ್ನನ್ನು ಕಾಯಲು ಹೋಗುತ್ತದೆ. ಮೊದಲನೆಯದು ಸಂವರ, ಎರಡನೆಯದು ಬಂಧ.

ಕರ್ಮಸಿದ್ಧಾಂತದಲ್ಲಿ ಜುಗುಪ್ಸೆಗೆ ಖಚಿತವಾದ ಸ್ಥಾನವಿದೆ. ಮೋಹನೀಯ ಕರ್ಮದ 28 ಪ್ರಕೃತಿಗಳಲ್ಲಿ 25 ಚಾರಿತ್ರಮೋಹನೀಯಕ್ಕೆ ಸೇರಿದವು. ಅವುಗಳಲ್ಲಿ 16 ಕಷಾಯಗಳು, 9 ನೋಕಷಾಯಗಳು. ಹಾಸ್ಯ, ರತಿ, ಅರತಿ, ಶೋಕ, ಭಯ ಇವುಗಳ ನಂತರ ಆರನೆಯದೇ ಜುಗುಪ್ಸೆ. ‘ನೋ’ ಎಂದರೆ ಇಲ್ಲಿ ಕಿಂಚಿತ್ ಎಂದರ್ಥ. ಕ್ರೋಧ ಮಾನಾದಿಗಳಂತೆ ಉರಿದೇಳುವುದಲ್ಲ, ಒಳಗೊಳಗೇ ಹೊಗೆಯಾಡುವುದು. ಸಣ್ಣದೆಂದು ಉಪೇಕ್ಷಿಸುವಂತೆಯೂ ಇಲ್ಲ. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರದ ಲೆಕ್ಕದಂತೆ ಎಂಟನೆಯ ಗುಣಸ್ಥಾನವಾದ ಅಪೂರ್ವಕರಣದವರೆಗೂ ಅದರ ಉದಯವುಂಟು. ಐದನೆಯ ಮೆಟ್ಟಿಲಿನಲ್ಲಿ ನಿಂತ ಅಣುವ್ರತಿಯು ತನಗೆ ಅದು ಇಲ್ಲವೆಂದು ಹೇಳಿಕೊಂಡರೆ ಆ ಮಾತು ಲೆಕ್ಕಕ್ಕೆ ಕೂಡಲಾರದು.

ಇದರ ಲಕ್ಷಣವನ್ನು ಹೇಳುವಾಗ ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಎಲ್ಲರೂ ಬೆರಗಾಗುವಂತಹ ಮಾತನ್ನು ಅಪ್ಪಣೆ ಕೊಡಿಸಿದ್ದಾರೆ. ಯಾವುದರ ಉದಯದಿಂದ ಜೀವನು ತನ್ನ ದೋಷವನ್ನು ಮುಚ್ಚಿಕೊಂಡು ಪರರ ದೋಷವನ್ನು ಬಯಲಿಗಿಡುತ್ತಾನೋ ಅದೇ ಜುಗುಪ್ಸೆ ಎಂಬುದು ಆ ಮಾತಿನ ಭಾವ. ಹೇಸಿಗೆಯ ಲಕ್ಷಣವನ್ನು ಕೇಳಿದರೆ ಸಾಮಾನ್ಯರು ದುರ್ವಾಸನೆಯನ್ನೋ ಕೊಳೆಯನ್ನೋ ಹೇಳುತ್ತಿದ್ದರು. ಆಚಾರ್ಯರು ವಸ್ತುವಿನ ಕಡೆಗೆ ನೋಡಲೇ ಇಲ್ಲ. ಹೇಸುವವನ ಕಡೆಗೆ ತಿರುಗಿ ನೋಡಿದರು. ಜೈನೇಂದ್ರ ವ್ಯಾಕರಣವನ್ನು ರಚಿಸಿದ ಮಹಾವೈಯಾಕರಣರೂ ಅವರೇ ಎಂಬುದನ್ನು ಇಲ್ಲಿ ಸ್ಮರಿಸಬೇಕು. ಮರೆಮಾಡುವುದೆಂಬ ಧಾತ್ವರ್ಥವು ಅವರ ಲಕ್ಷಣದಲ್ಲಿ ಹಾಗೆಯೇ ಉಳಿದಿದೆ. ಅನಂತರ ಅಕಲಂಕ ದೇವರು ರಾಜವಾರ್ತಿಕದಲ್ಲಿ ಇದನ್ನೇ ಇನ್ನಷ್ಟು ಬಿಡಿಸಿ, ತನ್ನ ದೋಷವನ್ನು ಮುಚ್ಚಿಕೊಳ್ಳುವುದು ಜುಗುಪ್ಸೆ, ಪರರ ಕುಲಶೀಲಾದಿಗಳಲ್ಲಿ ದೋಷವನ್ನು ತೋರಿಸಿ ಹಳಿಯುವುದು ಕುತ್ಸೆ ಎಂದು ಎರಡನ್ನೂ ಬೇರ್ಪಡಿಸಿ ತೋರಿಸಿದರು.

ಕನ್ನಡದ ಗಾದೆಯೊಂದು ಇದನ್ನೇ ಹೇಳುತ್ತದೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪರರ ಎಲೆಯ ನೊಣವನ್ನು ಎತ್ತಿ ತೋರಿಸಿದಂತೆ ಎಂಬ ಗಾದೆಯನ್ನು ಅಡುಗೆಮನೆಯ ತಾಯಂದಿರೂ ಬಲ್ಲರು. ಅಂಗಡಿಯಲ್ಲಿ ಕುಳಿತವರಿಗೆ ಇನ್ನೊಂದು ದೃಷ್ಟಾಂತ ಹೆಚ್ಚು ಹತ್ತಿರವಾದೀತು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ‘ಹೀನಾಧಿಕಮಾನೋನ್ಮಾನ’ ಎಂಬುದೊಂದು. ಕೊಳ್ಳುವಾಗ ದೊಡ್ಡ ತೂಕದ ಕಲ್ಲು, ಮಾರುವಾಗ ಚಿಕ್ಕದು ಬಳಸುವ ಕಪಟವದು. ಮನಸ್ಸಿನ ತಕ್ಕಡಿಯಲ್ಲಿ ಪರರ ಮಲಿನತೆಯನ್ನು ಒಂದು ಕಲ್ಲಿನಿಂದಲೂ ತನ್ನ ಮಲಿನತೆಯನ್ನು ಇನ್ನೊಂದು ಕಲ್ಲಿನಿಂದಲೂ ತೂಗುವುದೇ ಜುಗುಪ್ಸೆ. ಅಂಗಡಿಯ ತಕ್ಕಡಿಯನ್ನು ಸರ್ಕಾರದವರು ಬಂದು ಪರೀಕ್ಷಿಸಿ ಮುದ್ರೆ ಹಾಕುತ್ತಾರೆ. ಮನಸ್ಸಿನ ತಕ್ಕಡಿಗೆ ಮುದ್ರೆ ಹಾಕುವವರು ಯಾರೂ ಬರುವುದಿಲ್ಲ. ಪ್ರತಿಕ್ರಮಣದ ಹೊತ್ತಿನಲ್ಲಿ ಯಜಮಾನನೇ ಅದನ್ನು ಪರೀಕ್ಷಿಸಿಕೊಳ್ಳಬೇಕು.

ಈ ದೋಷಕ್ಕೆ ಎದುರಾಗಿ ನಿಲ್ಲುವುದೇ ಸಮ್ಯಗ್ದರ್ಶನದ ಮೂರನೆಯ ಅಂಗವಾದ ನಿರ್ವಿಚಿಕಿತ್ಸೆ. ವಿಚಿಕಿತ್ಸೆ ಎಂಬ ಪದವೂ ಮೇಲೆ ಹೇಳಿದ ‘ಕಿತ್’ ಧಾತುವಿನಿಂದಲೇ ಬಂದುದು. ಲೋಕದಲ್ಲಿ ಅದಕ್ಕೆ ಸಂದೇಹವೆಂಬ ಅರ್ಥವಿದ್ದರೂ ಈ ಅಂಗದ ವಿವರಣೆಯಲ್ಲಿ ಹೇಸಿಗೆಯೆಂದು ಗ್ರಹಿಸಬೇಕು. ಸಮಂತಭದ್ರ ಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿವರಿಸಿರುವಂತೆ, ಶರೀರವು ಸ್ವಭಾವದಿಂದ ಅಶುಚಿಯೇ ಸರಿ. ರತ್ನತ್ರಯದಿಂದ ಅದು ಪವಿತ್ರವಾಗುತ್ತದೆ. ಆದುದರಿಂದ ಅದರಲ್ಲಿ ಹೇಸದೆ ಗುಣದಲ್ಲಿ ಪ್ರೀತಿಯಿಡುವುದೇ ನಿರ್ವಿಚಿಕಿತ್ಸೆ.

ಈ ಅಂಗಕ್ಕೆ ಇಷ್ಟು ಮಹತ್ವ ಬಂದುದು ಅಕಾರಣವಾಗಿಯಲ್ಲ. ದಿಗಂಬರ ಮುನಿಗಳ 28 ಮೂಲಗುಣಗಳಲ್ಲಿ ಸ್ನಾನ ಮಾಡದಿರುವುದೂ ಹಲ್ಲುಜ್ಜದಿರುವುದೂ ಸೇರಿವೆ. ಬಾಯೀಸು ಪರೀಷಹಗಳಲ್ಲಿ ರೋಗವೂ ಮಲವೂ ಇವೆ. ಅಂತಹ ಬೆವರಿನ, ಧೂಳಿನ ಶರೀರವು ಆಹಾರಕ್ಕಾಗಿ ಮನೆಯ ಬಾಗಿಲಿಗೆ ಬಂದಾಗ, ಶ್ರಾವಕನ ಕಣ್ಣು ಮೈಯ ಮೇಲೆ ನಿಲ್ಲಬೇಕೋ ಗುಣದ ಮೇಲೆ ನಿಲ್ಲಬೇಕೋ ಎಂಬ ಪ್ರಶ್ನೆ ಪ್ರತಿದಿನದ ಪ್ರಶ್ನೆಯಾಗಿತ್ತು.

ಇದಕ್ಕೆ ಸಮಂತಭದ್ರ ಸ್ವಾಮಿಗಳು ಹೆಸರಿಸಿರುವ ದೃಷ್ಟಾಂತ ಉದ್ದಾಯನ ಮಹಾರಾಜನದು. ಕಥೆಯನ್ನು ಟೀಕಾಕಾರರಾದ ಪ್ರಭಾಚಂದ್ರರು ಹೇಳಿದ್ದಾರೆ. ಉದ್ದಾಯನನ ನಿರ್ವಿಚಿಕಿತ್ಸಾ ಗುಣವನ್ನು ಇಂದ್ರನು ಸಭೆಯಲ್ಲಿ ಹೊಗಳಿದಾಗ ವಾಸವನೆಂಬ ದೇವನು ಪರೀಕ್ಷಿಸಲು ಬಂದನು. ಮೈಯೆಲ್ಲ ಕುಷ್ಠದಿಂದ ಕೊಳೆತು ದುರ್ಗಂಧ ಬೀರುವ ಮುನಿಯ ರೂಪವನ್ನು ತಾಳಿ ಅರಮನೆಯ ಬಾಗಿಲಿನಲ್ಲಿ ನಿಂತನು. ಪರಿಜನರೆಲ್ಲ ವಾಸನೆ ತಾಳಲಾರದೆ ಓಡಿಹೋದರು. ರಾಜನೂ ರಾಣಿ ಪ್ರಭಾವತಿಯೂ ಪ್ರತಿಗ್ರಹಿಸಿ ಆಹಾರ ಕೊಟ್ಟರು. ಉಂಡ ಮಾಯಾಮುನಿಯು ಅವರ ಮೇಲೆಯೇ ವಾಂತಿ ಮಾಡಿದನು. ಆಗ ರಾಜನ ಬಾಯಿಂದ ಬಂದುದು ಹೇಸಿಗೆಯ ಮಾತಲ್ಲ, ಪಶ್ಚಾತ್ತಾಪದ ಮಾತು: ಮೈಗೆ ಒಗ್ಗದ ಆಹಾರವನ್ನು ಕೊಟ್ಟೆನಲ್ಲಾ ಎಂದು ಅವನು ತನ್ನನ್ನೇ ಹಳಿದುಕೊಂಡನು. ದೇವನು ನಿಜರೂಪ ತೋರಿ, ಪೂಜಿಸಿ, ಹೊರಟುಹೋದನು. ಇಲ್ಲಿ ಗಮನಿಸಬೇಕಾದುದಿದೆ. ಪೂಜ್ಯಪಾದರ ಲಕ್ಷಣವನ್ನು ತಲೆಕೆಳಗು ಮಾಡಿದರೆ ಉದ್ದಾಯನನ ನಡತೆಯಾಗುತ್ತದೆ. ಅವನು ಪರರ ದೋಷವನ್ನು ಎತ್ತಿ ಆಡಲಿಲ್ಲ. ತನ್ನ ದೋಷವನ್ನು ಮುಚ್ಚಿಕೊಳ್ಳಲೂ ಇಲ್ಲ.

ಇದು ಪುರಾಣದ ಮಾತೆಂದು ಯಾರೂ ತಳ್ಳಿಹಾಕುವಂತಿಲ್ಲ. ಕುಷ್ಠವು ಒಂದು ಸೂಕ್ಷ್ಮಾಣುವಿನಿಂದ ಬರುವುದೆಂದು ನಾರ್ವೆ ದೇಶದ ಹ್ಯಾನ್ಸೆನ್ ಎಂಬ ವೈದ್ಯರು ಕಂಡುಹಿಡಿದದ್ದು 1873ರಲ್ಲಿ. ಹಲವು ಔಷಧಗಳನ್ನು ಕೂಡಿಸಿ ಕೊಟ್ಟು ಅದನ್ನು ಪೂರ್ತಿಯಾಗಿ ಗುಣಪಡಿಸುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯು ಶಿಫಾರಸು ಮಾಡಿದ್ದು 1981ರಲ್ಲಿ. ಹೀಗಿದ್ದರೂ ಕುಷ್ಠರೋಗಿಗಳನ್ನು ಹಿಡಿದು ಬೇರೆಯಾಗಿ ಕೂಡಿಹಾಕಲು ಬ್ರಿಟಿಷರು 1898ರಲ್ಲಿ ಮಾಡಿದ್ದ ಕಾನೂನು ಭಾರತದ ಕಾನೂನು ಪುಸ್ತಕದಿಂದ ಪೂರ್ತಿಯಾಗಿ ಅಳಿದದ್ದು 2016ರಲ್ಲಿ. ಈ ರೋಗವಿದೆಯೆಂಬ ಕಾರಣಕ್ಕೆ ವಿವಾಹ ವಿಚ್ಛೇದನ ಕೋರಲು ಇದ್ದ ಅವಕಾಶ ರದ್ದಾದದ್ದು 2019ರಲ್ಲಿ. ಮದ್ದು ದೊರೆತ ಮೇಲೆಯೂ ಹೇಸಿಗೆಯು ಕಾನೂನಿನಲ್ಲಿ 38 ವರ್ಷ ಉಳಿಯಿತು. ಚಿಕಿತ್ಸೆಗಿಂತ ಜುಗುಪ್ಸೆಯ ಆಯುಷ್ಯ ಹೆಚ್ಚೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಮದ್ದಿನ್ನೂ ದೊರೆಯದಿದ್ದ ಕಾಲದಲ್ಲಿ, ಸುಮಾರು 1940ರಲ್ಲಿ, ಕುಷ್ಠಪೀಡಿತರಾಗಿದ್ದ ಸಂಸ್ಕೃತ ವಿದ್ವಾಂಸ ಪರಚುರೆ ಶಾಸ್ತ್ರಿಗಳನ್ನು ಸೇವಾಗ್ರಾಮದಲ್ಲಿ ಇರಿಸಿಕೊಂಡು ಮಹಾತ್ಮಾ ಗಾಂಧಿಯವರು ತಮ್ಮ ಕೈಯಿಂದಲೇ ಮೈಯೊತ್ತಿ ಉಪಚರಿಸಿದರು. ಉದ್ದಾಯನನ ಕಥೆ ಈ ಕಾಲದಲ್ಲಿಯೂ ನಡೆಯಬಲ್ಲುದೆಂದು ಅದರಿಂದ ಸಿದ್ಧವಾಯಿತು.

‘ಹೇಸಿಗೆ’ ಎಂಬ ಕನ್ನಡ ಪದದ ಗತಿಯೂ ವಿಚಾರಾರ್ಹವಾಗಿದೆ. ಹಳಗನ್ನಡದ ‘ಪೇಸು’ ಎಂಬ ಕ್ರಿಯಾಪದವು, ಪಾಲು ಹಾಲಾದಂತೆ, ಪಗೆ ಹಗೆಯಾದಂತೆ, ‘ಹೇಸು’ ಎಂದಾಯಿತು. ಹೇಸುವುದು ಮನಸ್ಸಿನ ಕ್ರಿಯೆ. ಆದರೆ ಇಂದು ‘ಹೇಸಿಗೆ’ ಎಂದರೆ ಮನಸ್ಸಿನ ಭಾವವೂ ಹೌದು, ಕಾಲಿಗೆ ಮೆತ್ತಿಕೊಂಡ ಹೊಲಸೂ ಹೌದು. ಒಳಗಿನ ಭಾವದ ಹೆಸರು ಹೊರಗಿನ ವಸ್ತುವಿಗೆ ಅಂಟಿಕೊಂಡಿತು. ಅಷ್ಟಕ್ಕೇ ನಿಂತಿದ್ದರೆ ಹಾನಿಯಿರಲಿಲ್ಲ. ವಸ್ತುವಿನಿಂದ ಅದು ಆ ವಸ್ತುವನ್ನು ಎತ್ತಿ ಹಾಕಿ ಊರನ್ನು ಶುಚಿಮಾಡುವ ಮನುಷ್ಯನಿಗೆ ಅಂಟಿತು. ಹೊಲಸು ಮಾಡಿದವನು ಶುಚಿಯೆನಿಸಿದನು, ಹೊಲಸು ತೆಗೆದವನು ಅಶುಚಿಯೆನಿಸಿದನು! ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು 1950ರಲ್ಲಿಯೇ ನಿರ್ಮೂಲ ಮಾಡಿತು. ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ 1970ರ ದಶಕದಲ್ಲಿ ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಲಾಯಿತು. ಆದರೂ ದೇಶಕ್ಕೆ 1993ರಲ್ಲೊಮ್ಮೆ, 2013ರಲ್ಲಿ ಮತ್ತೊಮ್ಮೆ ಕಾನೂನು ಮಾಡಬೇಕಾಯಿತು. ಕಾಗದದ ಮೇಲಿನ ಮಾತು ಬದಲಾಗುವಷ್ಟು ಬೇಗ ಮನಸ್ಸಿನೊಳಗಿನ ಮಾತು ಬದಲಾಗುವುದಿಲ್ಲ. ಪರರ ಕುಲವನ್ನು ಹಳಿಯುವುದನ್ನು ಅಕಲಂಕ ದೇವರು ಕುತ್ಸೆ ಎಂದು ಕರೆದು, ಮೋಹನೀಯ ಕರ್ಮದ ಲೆಕ್ಕಕ್ಕೆ ಬರೆದಿಟ್ಟಿರುವುದನ್ನು ಶ್ರಾವಕ ಸಮಾಜವು ಮರೆಯಬಾರದು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ದ್ವಾದಶಾನುಪ್ರೇಕ್ಷೆಗಳಲ್ಲಿ ಆರನೆಯದು ಅಶುಚಿ ಭಾವನೆ. ಶರೀರವು ರಕ್ತಮಾಂಸಗಳ ಚೀಲವೆಂದು ಚಿಂತಿಸಬೇಕೆಂದು ಅಲ್ಲಿ ಹೇಳಿ, ಇಲ್ಲಿ ಹೇಸಬೇಡವೆಂದರೆ ವಿರೋಧವಾಗಲಿಲ್ಲವೇ? ಇಲ್ಲ. ಅಶುಚಿ ಭಾವನೆಯನ್ನು ಮಾಡಬೇಕಾದುದು ತನ್ನ ಶರೀರವನ್ನು ಕುರಿತು, ಅದರ ಮೇಲಿನ ಮೋಹ ಕಳೆಯಲಿ ಎಂದು. ನಿರ್ವಿಚಿಕಿತ್ಸೆಯನ್ನು ನಡೆಸಬೇಕಾದುದು ಪರರ ಶರೀರದ ವಿಷಯದಲ್ಲಿ, ಅವರ ಗುಣ ಕಾಣಲಿ ಎಂದು. ಲೋಕವು ಇವೆರಡನ್ನು ಅದಲುಬದಲು ಮಾಡಿಕೊಂಡಿದೆ: ತನ್ನ ಮೈಗೆ ಗಂಧ ಪೂಸುತ್ತದೆ, ಪರರ ಮೈಯಲ್ಲಿ ಅಶುಚಿಯನ್ನು ಚಿಂತಿಸುತ್ತದೆ.

ಹಾಗೆಯೇ ಜುಗುಪ್ಸೆಯೇ ವೈರಾಗ್ಯವೆಂಬ ಭ್ರಮೆಯೂ ಕೆಲವರಲ್ಲುಂಟು. ಪಂಚಕಲ್ಯಾಣದ ದೀಕ್ಷಾಕಲ್ಯಾಣದಲ್ಲಿ ನೀಲಾಂಜನೆಯ ನೃತ್ಯವನ್ನು ಆಡಿ ತೋರಿಸುವುದುಂಟು. ಕುಣಿಯುತ್ತಿದ್ದಂತೆಯೇ ಅವಳ ಆಯುಷ್ಯ ತೀರಿತು. ಇಂದ್ರನು ಆ ಕ್ಷಣವೇ ಬೇರೊಬ್ಬಳನ್ನು ನಿಲ್ಲಿಸಿದನು. ಸಭೆಗೆ ತಿಳಿಯಲಿಲ್ಲ, ಆದಿದೇವನಿಗೆ ಮಾತ್ರ ತಿಳಿಯಿತು. ಆಗ ಅವನಿಗೆ ಹುಟ್ಟಿದುದು ನರ್ತಕಿಯ ಮೇಲಿನ ಹೇಸಿಗೆಯಲ್ಲ, ಬಾಳಿನ ಮೇಲಿನ ಬೇಸರವೂ ಅಲ್ಲ, ವಸ್ತುಸ್ವರೂಪದ ಅರಿವು. ಅರಿವಿನಿಂದ ಬಿಡುವುದು ವೈರಾಗ್ಯ, ಅಳಲಿನಿಂದ ಬಿಸುಡುವುದು ಜುಗುಪ್ಸೆ. ಸಲ್ಲೇಖನಾವ್ರತದಲ್ಲಿ ಸಹ ಮರಣವನ್ನು ಬಯಸುವುದು ಅತಿಚಾರವೆಂದು ತತ್ತ್ವಾರ್ಥಸೂತ್ರವು ಸ್ಪಷ್ಟವಾಗಿ ಎಣಿಸಿದೆ. ಆದುದರಿಂದ ‘ಜೀವನದಲ್ಲಿ ಜಿಗುಪ್ಸೆ’ ಎಂದು ಯಾವ ಮನೆಯ ಮಗನಾದರೂ ಮಗಳಾದರೂ ಮಾತು ತೆಗೆದರೆ, ಅದನ್ನು ಪ್ರೌಢವಾದ ವೈರಾಗ್ಯವೆಂದು ಎಣಿಸದೆ, ಗದರಿಸದೆ, ಪಕ್ಕದಲ್ಲಿ ಕುಳಿತು ಪೂರ್ತಿಯಾಗಿ ಕೇಳುವುದು ಹಿರಿಯರ ಕರ್ತವ್ಯ. ವೈದ್ಯರ ಬಳಿಗೆ ಕರೆದೊಯ್ಯಬೇಕಾಗಿ ಬಂದರೆ ಅದರಲ್ಲಿ ನಾಚಿಕೆಯಿಲ್ಲ.

ಕೇಳುವುದೆಂಬ ಮಾತು ಬಂದುದರಿಂದ ಮತ್ತೊಂದು ಪದವನ್ನು ಹೇಳಿ ಉಪನ್ಯಾಸವನ್ನು ಮುಗಿಸಬಹುದು. ‘ಸನ್’ ಪ್ರತ್ಯಯವು ಕೇಳು ಎಂಬ ಅರ್ಥದ ‘ಶ್ರು’ ಧಾತುವಿಗೆ ಸೇರಿದಾಗ ‘ಶುಶ್ರೂಷೆ’ ಎಂದಾಗುತ್ತದೆ. ಅದರ ಮೊದಲ ಅರ್ಥ ಕೇಳುವ ಬಯಕೆ. ಗುರುವಿನ ಮಾತನ್ನು ಕೇಳಬೇಕೆನ್ನುವ ಶಿಷ್ಯನು ಸೇವೆ ಮಾಡುತ್ತಾನೆ; ಸೇವೆಯಿಂದ ಉಪಚಾರ; ಉಪಚಾರದಿಂದ ರೋಗಿಯ ಆರೈಕೆ. ಇಂದು ಆಸ್ಪತ್ರೆಯ ದಾದಿಯರು ಮಾಡುವ ಕೆಲಸಕ್ಕೂ ಅದೇ ಹೆಸರು. ಜುಗುಪ್ಸೆಯು ಮುಖ ತಿರುಗಿಸುತ್ತದೆ, ಶುಶ್ರೂಷೆಯು ಕಿವಿಗೊಡುತ್ತದೆ. ಆರು ಅಭ್ಯಂತರ ತಪಗಳಲ್ಲಿ ಮೂರನೆಯದಾದ ವೈಯಾವೃತ್ಯವೂ ಇದೇ. ಅದಕ್ಕೆ ಪಾತ್ರರಾದ ಹತ್ತು ವಿಧದ ಸಾಧುಗಳಲ್ಲಿ ರೋಗಗ್ರಸ್ತನಾದ ‘ಗ್ಲಾನ’ನನ್ನು ಆಚಾರ್ಯರು ಮರೆಯದೆ ಸೇರಿಸಿದ್ದಾರೆ.

ಈಗ ನೂತನ ಬಸದಿಯ ಶಿಖರಕ್ಕೆ ಕಲಶವೇರಲಿದೆ. ಕಲಶಾಭಿಷೇಕದ ಸವಾಲಿನಲ್ಲಿ ಉದಾರವಾಗಿ ಕೂಗಿದ ಮನೆಗಳಲ್ಲಿಯೇ ಹಿಂದಿನ ಕೋಣೆಯಲ್ಲಿ ಹಾಸಿಗೆ ಹಿಡಿದ ಮುದುಕರಿರಬಹುದು. ವಾಸನೆಯೆಂದು ಮೊಮ್ಮಕ್ಕಳು ಆ ಬಾಗಿಲಿನ ಕಡೆಗೆ ಹೋಗದಿರಬಹುದು. ತಟ್ಟೆಯನ್ನು ಹೊಸಿಲಿನಲ್ಲಿಯೇ ಇಟ್ಟು ಸೊಸೆ ಹಿಂದಿರುಗಬಹುದು. ಮಗನು ದುಡ್ಡು ಕೊಟ್ಟು ಆಳನ್ನಿಟ್ಟು ತನ್ನ ಪಾಲು ಮುಗಿಯಿತೆಂದು ತಿಳಿಯಬಹುದು. ಇಂದು ರಾತ್ರಿ ಆ ಮಗನು ಆ ಕೋಣೆಗೆ ಹೋಗಿ, ತಂದೆಯ ಮೈಯನ್ನು ತನ್ನ ಕೈಯಿಂದ ಒರೆಸಿ, ಬಟ್ಟೆ ಬದಲಾಯಿಸಿ, ಒಂದು ಗಳಿಗೆ ಅವರ ಮಾತು ಕೇಳಿದರೆ, ಅದೂ ಒಂದು ಅಭಿಷೇಕವೇ. ಅದಕ್ಕೆ ಸವಾಲಿಲ್ಲ, ಫಲಕದ ಮೇಲೆ ಹೆಸರಿಲ್ಲ. ಆದರೆ ನಿರ್ವಿಚಿಕಿತ್ಸಾ ಅಂಗದ ಪ್ರತಿಷ್ಠೆಯಾಗುವುದು ಅಲ್ಲಿಯೇ.

ಗುಪ್ ಧಾತುವಿನಿಂದ ಹುಟ್ಟಿದ ಜುಗುಪ್ಸೆಯು ಕ್ಷಯವಾಗಲಿ, ಅದೇ ಧಾತುವಿನಿಂದ ಹುಟ್ಟಿದ ಗುಪ್ತಿಯು ವೃದ್ಧಿಯಾಗಲಿ. ತಿತಿಕ್ಷೆ, ಚಿಕಿತ್ಸೆ, ಶುಶ್ರೂಷೆಗಳು ಮನೆಮನೆಯಲ್ಲಿ ನೆಲೆಗೊಳ್ಳಲಿ. ಸರ್ವರಿಗೂ ಮಂಗಳವಾಗಲಿ.

ಜೈನಂ ಜಯತು ಶಾಸನಂ.